ಹೋತನ ಗಡ್ಡ, ಅಂಕೋಲೆಯ ಅಲೆ

ಚೋರನೂರಿನಲ್ಲಿ ಬಿದ್ದ ಮಳೆಗೆ ಅರಬ್ಬಿ ಸಮುದ್ರದ ದಾರಿ ಗೊತ್ತಿಲ್ಲ. ಸಂಡೂರು ಸೀಮೆಯ ಹಳ್ಳಗಳು ಎಷ್ಟು ಸುತ್ತಿದರೂ ಕೊನೆಗೆ ತುಂಗಭದ್ರೆಯ ಪಾಲು. ಅಲ್ಲಿಂದ ಕೃಷ್ಣೆ, ಕೃಷ್ಣೆಯಿಂದ ಬಂಗಾಳ ಕೊಲ್ಲಿ. ಪಡುವಣ ಕಡಲಿಗೆ ಈ ನೆಲದಿಂದ ಹೋದದ್ದು ನೀರಲ್ಲ, ಕಲ್ಲು. ಗುಡ್ಡ ಅಗೆದು ತೆಗೆದ ಕೆಂಪು ಅದಿರು ಲಾರಿ ಹತ್ತಿ ಹೊಸಪೇಟೆ, ಕೊಪ್ಪಳ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲೆ ಪಕ್ಕದ ಬೇಲೆಕೇರಿ ಬಂದರು ಸೇರುತ್ತಿತ್ತು. ಅದೇ ದಾರಿ ಹಿಡಿದು ನಾನು ಹೊರಟದ್ದು ಒಂದು ಹಳೇ ಸ್ಟೀಲ್ ಡಬ್ಬಿಯ ಜೊತೆಗೆ. ಡಬ್ಬಿಯಲ್ಲಿದ್ದವು ಹುಂಜದ ಗರಿ, ಮೇಕೆಯ ಕೂದಲು, ತಾಂಡಾದ ಬಣ್ಣದ ದಾರ ಸುತ್ತಿ ಮನೆಯಲ್ಲೇ ಕಟ್ಟಿದ ಗಾಳಗಳು.

ಎರೆಹುಳ ಚುಚ್ಚಿ ಕೆರೆಯ ದಂಡೆಯಲ್ಲಿ ಕೂರುವ ಗಾಳ ನಮ್ಮ ಕಡೆ ಹುಡುಗರಿಗೆಲ್ಲ ಗೊತ್ತು. ಇದು ಆ ಜಾತಿಯದಲ್ಲ. ಇಲ್ಲಿ ಮುಳ್ಳಿನ ಮೇಲೆ ತಿನ್ನುವಂಥದ್ದು ಏನೂ ಇರುವುದಿಲ್ಲ. ಗರಿಯನ್ನೂ ಕೂದಲನ್ನೂ ದಾರದಿಂದ ಬಿಗಿದು ಮರಿಮೀನಿನ ವೇಷ ಹಾಕಿಸಿರುತ್ತಾರೆ. ಫ್ಲೈ ಎಂದೇ ಎಲ್ಲ ಕಡೆ ಕರೆಯುತ್ತಾರೆ. ಸಿಹಿನೀರಿಗೆ ಕಟ್ಟಿದ್ದು ಹಾರುವ ಹುಳದ ಹಾಗಿರುತ್ತದೆ, ಕಡಲಿಗೆ ಕಟ್ಟಿದ್ದು ತಾರ್ಲೆ ಮರಿಯ ಹಾಗೆ. ಅದಕ್ಕೆ ತೂಕವಿಲ್ಲ. ಕೈಯಲ್ಲಿ ಹಿಡಿದು ಎಸೆದರೆ ಕಾಲಬುಡಕ್ಕೇ ಬೀಳುತ್ತದೆ. ತೂಕ ಇರುವುದು ಅದರ ಹಿಂದಿನ ದಪ್ಪ ದಾರದಲ್ಲಿ. ಒಂಬತ್ತು ಅಡಿಯ ಬಳುಕುವ ಕೋಲಿನಿಂದ ಆ ದಾರವನ್ನು ಎತ್ತು ಹೊಡೆಯುವ ಬಾರುಕೋಲಿನಂತೆ ಹಿಂದಕ್ಕೂ ಮುಂದಕ್ಕೂ ಬೀಸಬೇಕು. ದಾರ ಹಾರಿದರೆ ಅದರ ತುದಿಗೆ ಅಂಟಿಕೊಂಡ ಗರಿಯೂ ಹಾರುತ್ತದೆ. ಇದನ್ನು ಕಲಿಯಲು ನನಗೆ ಸಿಕ್ಕಿದ ಬಯಲು ಸುಗ್ಗಿ ಮುಗಿದ ಜೋಳದ ಹೊಲ. ನೀರಿಲ್ಲದ ಹೊಲದಲ್ಲಿ ಮೀನುಕೋಲು ಬೀಸುವವನನ್ನು ನೋಡಿ ಊರವರು ಏನಂದುಕೊಂಡರೋ, ನನ್ನ ಎದುರಿಗಂತೂ ಯಾರೂ ಹೇಳಲಿಲ್ಲ.

ಕಟ್ಟುವ ಸಾಮಾನಿಗೆ ಹೊರದೇಶದಲ್ಲಿ ಅಂಗಡಿಗಳೇ ಇವೆ. ಜಿಂಕೆಯ ಬಾಲದ ಕೂದಲು, ಗರಿಗಾಗಿಯೇ ಸಾಕಿದ ಹುಂಜದ ಕತ್ತಿನ ಚರ್ಮ, ಹೊಳೆಯುವ ಎಳೆ, ಸೀಸದ ಕಣ್ಣು. ತರಿಸಿಕೊಂಡರೆ ಒಂದು ಡಬ್ಬಿಯ ಬೆಲೆಗೆ ಒಂದು ಮೇಕೆ ಬರುತ್ತದೆ. ಹಾಗಾದರೆ ಮೇಕೆಯಿಂದಲೇ ಯಾಕೆ ಶುರುಮಾಡಬಾರದು?

ಹೋತನ ಗಡ್ಡದ ಕೂದಲು ಉದ್ದ, ಒರಟು, ನೀರಿನಲ್ಲೂ ಪೂರ್ತಿ ಮೆತ್ತಗಾಗುವುದಿಲ್ಲ. ಜಿಂಕೆಯ ಕೂದಲಿನ ಒಳಗೆ ಗಾಳಿ ಇರುವುದರಿಂದ ಅದು ಸ್ವಲ್ಪ ತೇಲುತ್ತದೆ. ಮೇಕೆಯದು ತೇಲುವುದಿಲ್ಲ, ಮುಳುಗುತ್ತದೆ. ಅಲೆಯ ಕೆಳಗೆ ಹೋಗಬೇಕಾದ ಫ್ಲೈಗೆ ಅದೇ ಒಳ್ಳೆಯದು. ಬಿಳಿ ಗಡ್ಡದ ಒಂದು ಭಾರಿ ಹೋತ ಊರ ಹೊರಗಿನ ಹಟ್ಟಿಯಲ್ಲಿತ್ತು. ಕತ್ತರಿ ಹಿಡಿದು ಹೋದರೆ ಕುರಿ ಕಾಯುವ ಅಣ್ಣ ಅಡ್ಡ ಬಂದ. "ಅದು ಅಮ್ಮಗ ಬಿಟ್ಟಿದ್ದೈತ್ರಿ. ಗಡ್ಡ ಮುಟ್ಟಬ್ಯಾಡ್ರಿ." ದೇವಿಗೆ ಬಿಟ್ಟ ಪ್ರಾಣಿಯ ಒಂದು ಕೂದಲೂ ನಮ್ಮದಲ್ಲ. ಅದರ ಬದಲು ಯಾವ ದೇವರಿಗೂ ಸೇರದ, ಬೂದುಬಣ್ಣದ ಇನ್ನೊಂದು ಹೋತನನ್ನು ಅವನೇ ಹಿಡಿದು ನಿಲ್ಲಿಸಿದ. ಗಡ್ಡ ಹೋದ ಮೇಲೆ ಅದು ಒಂದಷ್ಟು ಹೊತ್ತು ನನ್ನನ್ನೇ ನೋಡಿತು.

ಗರಿಯ ವಿಚಾರ ಇನ್ನೂ ಸೂಕ್ಷ್ಮ. ಪೇಟೆಯ ಕೋಳಿ ಅಂಗಡಿಯಲ್ಲಿ ಬಿಳಿ ಗರಿ ಮೂಟೆಗಟ್ಟಲೆ ಪುಕ್ಕಟೆ ಸಿಗುತ್ತದೆ. ಪ್ರಯೋಜನವಿಲ್ಲ. ಬ್ರಾಯ್ಲರ್ ಕೋಳಿ ಆರೇಳು ವಾರಕ್ಕೆ ತೂಕಕ್ಕೆ ಬರುತ್ತದೆ, ಅಷ್ಟರಲ್ಲಿ ಅದರ ಗರಿ ಬಲಿತಿರುವುದಿಲ್ಲ. ನೀರಿನಲ್ಲಿ ಈಜಿದಂತೆ ಆಡುವ ಗರಿ ಬೇಕಾದರೆ ವರ್ಷ ದಾಟಿದ, ತಿಪ್ಪೆ ಕೆದರಿದ, ಪಕ್ಕದ ಮನೆಯ ಹುಂಜದ ಜೊತೆ ಜಗಳವಾಡಿದ ನಾಟಿ ಹುಂಜವೇ ಬೇಕು. ಅದರ ಬೆನ್ನಿನಿಂದ ಬಾಲದ ಕಡೆಗೆ ಇಳಿಬಿದ್ದ ಸಪೂರ ಗರಿಗಳು ನೀರು ಹೀರುವುದು ಕಡಿಮೆ. ಹ್ಯಾಟೆಯ ಗರಿ ಹಾಗಲ್ಲ, ಒದ್ದೆಯಾಗಿ ಮುದ್ದೆಯಾಗುತ್ತದೆ. ಯಾರ ಮನೆಗೆ ಬೀಗರು ಬರುತ್ತಾರೆ, ಯಾರ ಮನೆಯಲ್ಲಿ ಹುಂಜ ಕುಯ್ಯುತ್ತಾರೆ ಎಂದು ಲೆಕ್ಕವಿಟ್ಟು ನಾನು ಬುಟ್ಟಿ ಹಿಡಿದು ನಿಲ್ಲತೊಡಗಿದೆ. ತಂದ ಗರಿಯನ್ನು ಸೀಗೆಪುಡಿಯಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಹುಳ ಹಿಡಿಯದಂತೆ ಬೇವಿನ ಎಲೆಯ ಜೊತೆ ಕಟ್ಟಿಟ್ಟೆ.

ದಾರಕ್ಕೆ ತಾಂಡಾಕ್ಕೇ ಹೋಗಬೇಕು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಹೆಣ್ಣುಮಕ್ಕಳು ಹೊಲಿದ 1755 ಕಸೂತಿ ತುಂಡುಗಳನ್ನು ಒಟ್ಟಿಗೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಗೂ ಸೇರಿತು. ನಾನು ಕಂಡ, ಎಲ್ಲರೂ ಯಾಡಿ ಎನ್ನುವ ಅಜ್ಜಿಗೆ ದಾಖಲೆಯ ಗೊಡವೆ ಇರಲಿಲ್ಲ; ಅಂಗಳದಲ್ಲಿ ಕಾಲು ಚಾಚಿ ಕೂತು ಮೊಮ್ಮಗಳ ಪೇಟಿಯಾ ಲಂಗಕ್ಕೆ ಕನ್ನಡಿ ಕೂರಿಸುತ್ತಿದ್ದರು. ನಾನು ಕಟ್ಟಿದ ಒಂದು ಫ್ಲೈಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಏನಪಾ ತಮ್ಮಾ, ಮೀನಿಗೂ ಕಸೂತಿ ಹಾಕ್ತೀಯೇನು?" ಎಂದರು. ಆಮೇಲೆ ದಾರದ ಕೊನೆಯನ್ನು ಉಗುರಿನಿಂದ ಕೆದರಿದರು. ಬಿಚ್ಚಿಕೊಂಡಿತು. "ಗಂಟು ಮ್ಯಾಲೆ ಇರಬಾರದು. ದಾರದ ಒಳಗ ದಾರ ಹೋಗಬೇಕು." ಮುಳ್ಳಿನ ಕತ್ತಿನ ಸುತ್ತ ದಾರದ ಕುಣಿಕೆ ಹಾಕಿ, ಅದರದೇ ಸುತ್ತುಗಳ ಅಡಿಗೆ ತುದಿಯನ್ನು ತೂರಿಸಿ ಎಳೆದು ತೋರಿಸಿದರು. ಫ್ಲೈ ಕಟ್ಟುವವರು ಈ ಕೊನೆಗಂಟಿಗೆ ಲೋಹದ ಒಂದು ವಿಶೇಷ ಸಲಕರಣೆಯನ್ನೇ ಮಾರುತ್ತಾರೆ. ಯಾಡಿ ಎರಡು ಬೆರಳಿನಲ್ಲಿ ಮುಗಿಸಿದರು. ಕೆಂಪು ದಾರದ ಒಂದು ಲಡಿಯನ್ನೂ ಕೊಟ್ಟರು. ದುಡ್ಡು ಬೇಡವೆಂದರು, ಆದರೆ ಮೀನು ಬಿದ್ದರೆ ಸುಳ್ಳು ಹೇಳಬಾರದೆಂದು ಮಾತು ತೆಗೆದುಕೊಂಡರು.

ಕೆಂಪು ದಾರ ಬೇಕಾದದ್ದು ಕತ್ತಿನ ಅಡಿಗೆ. ಹೆದರಿ ಓಡುವ ಮರಿಮೀನಿನ ಕಿವಿರು ಬಿಚ್ಚಿ ಕೆಂಪಗೆ ಕಾಣುತ್ತದೆ, ಬೇಟೆಯ ಮೀನಿನ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದು ಕಟ್ಟುವವರ ನಂಬಿಕೆ. ನಿಜವೋ ಅಲ್ಲವೋ, ಈ ಕೆಂಪಿನ ಚಾಳಿ ಬಹಳ ಹಳೆಯದು. ಕ್ರಿ.ಶ. 200ರ ಹೊತ್ತಿಗೆ ರೋಮಿನ ಏಲಿಯನ್ ಬರೆದಿಟ್ಟ ಪ್ರಾಣಿಗಳ ಪುಸ್ತಕದಲ್ಲಿ ಮ್ಯಾಸಿಡೋನಿಯಾದ ಒಂದು ಹೊಳೆಯ ಬೆಸ್ತರು ಬರುತ್ತಾರೆ: ಮುಳ್ಳಿಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಜೋಲುಗಂಟಲ ಅಡಿಯ ಎರಡು ಗರಿ ಕಟ್ಟುತ್ತಿದ್ದರಂತೆ. ಉಣ್ಣೆ, ಹುಂಜ, ಕೆಂಪು. ಆ ಬೆಸ್ತರಿಗೆ ಬೇಕಾದದ್ದೆಲ್ಲ ಚೋರನೂರಿನಲ್ಲಿ ಒಂದೇ ಬೀದಿಯಲ್ಲಿ ಸಿಗುತ್ತಿತ್ತು.

ನಮ್ಮವರಿಗೆ ಈ ವಿದ್ಯೆ ಹೊಸತೆಂದೂ ಅಲ್ಲ. ನಮ್ಮ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಕೋಲು, ದಾರ, ಮುಳ್ಳು ಹೇಗಿರಬೇಕು, ಯಾವ ಮೀನಿಗೆ ಯಾವ ತಿನಿಸು, ಹುರುಪೆ ಇರುವ ಮೀನು ಯಾವುದು, ಇಲ್ಲದ್ದು ಯಾವುದು, ಕಡಲಿನದು ಯಾವುದು, ಹೊಳೆಯದು ಯಾವುದು ಎಂದು ರಾಜ ಕೂತು ವಿಂಗಡಿಸುತ್ತಾನೆ. ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಗಾಳದ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಮೊದಲ ಬರಹ 1496ರದು. ಸೋಮೇಶ್ವರ ಅದಕ್ಕಿಂತ ಮೂರೂವರೆ ಶತಮಾನ ಮುಂದೆ. ಆದರೆ ಅವನದು ತಿನ್ನಿಸಿ ಹಿಡಿಯುವ ದಾರಿ. ಗರಿ ತೋರಿಸಿ ಮೋಸ ಮಾಡುವ ದಾರಿಯನ್ನು ಕರ್ನಾಟಕದಲ್ಲಿ ಕೂತು ಪುಸ್ತಕ ಮಾಡಿದವನು ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್. ಅವನ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲೇ. ಕಂದಾಯ ವಸೂಲಿಯ ನಡುವೆ ಅವನಿಗೆ ಅಷ್ಟು ಬಿಡುವು ಹೇಗೆ ಸಿಗುತ್ತಿತ್ತೋ.

ನಾನು ಕಟ್ಟಿದ್ದು ಎರಡು ನಮೂನೆ. ಎರಡೂ ಅಮೆರಿಕದವು. ಲೆಫ್ಟಿ ಕ್ರೇ 1950ರ ದಶಕದ ಕೊನೆಗೆ ಚೆಸಾಪೀಕ್ ಕೊಲ್ಲಿಯ ಮೀನಿಗಾಗಿ ಹುಡುಕಿಕೊಂಡದ್ದು ಒಂದು: ಬಾಲಕ್ಕೆ ಉದ್ದ ಹುಂಜದ ಗರಿ, ಕೊರಳ ಸುತ್ತ ಕೂದಲು. 1991ರಲ್ಲಿ ಅದರ ಚಿತ್ರ ಅಮೆರಿಕದ ಅಂಚೆಚೀಟಿಯ ಮೇಲೂ ಬಂತು. ಇನ್ನೊಂದು ಬಾಬ್ ಕ್ಲೌಸರ್ 1980ರ ದಶಕದಲ್ಲಿ ರೂಪಿಸಿದ್ದು: ಬರೀ ಕೂದಲು, ಮುಂದೆ ಸೀಸದ ಜೋಡಿಕಣ್ಣು. ಕಣ್ಣನ್ನು ಮುಳ್ಳಿನ ಒಂದು ಮಗ್ಗುಲಿಗೆ ಕಟ್ಟುವುದರಿಂದ ಮುಳ್ಳು ನೀರಿನಲ್ಲಿ ಮಗುಚಿ, ಮೊನೆ ಮೇಲಕ್ಕಿರುತ್ತದೆ. ಎಳೆದಾಗ ಮೇಲೇರಿ, ಬಿಟ್ಟಾಗ ತಲೆ ಕೆಳಗಾಗಿ ಧುಮುಕುತ್ತದೆ. ಸೀಸದ ಕಣ್ಣು ಎಲ್ಲಿ ತರುವುದು? ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ವಾಶ್‌ಬೇಸಿನ್ ಬಿರಡೆಗೆ ಕಟ್ಟುವ ಗುಂಡುಸರಪಳಿ ಗೇಣುಗಟ್ಟಲೆ ಅಳೆದು ಕೊಡುತ್ತಾರೆ. ಅದರಿಂದ ಎರಡೆರಡು ಗುಂಡು ಕತ್ತರಿಸಿದರೆ ಕಣ್ಣಾಯಿತು. ಹೊಳಪಿಗೆ ಮೊದಲು ಜರಿ ಸುತ್ತಿದ್ದೆ. ಉಪ್ಪುನೀರಿನ ಬಟ್ಟಲಲ್ಲಿ ಒಂದು ರಾತ್ರಿ ಇಟ್ಟು ನೋಡಿದರೆ ಕಪ್ಪಿಟ್ಟಿತು. ಚಿಪ್ಸ್ ಪ್ಯಾಕೆಟ್ಟಿನ ಒಳಮೈ ಸೀಳಿ ಹಾಕಿದ ಮೇಲೆ ಆ ತೊಂದರೆ ಇಲ್ಲ. ಮುಳ್ಳು ಹಿಡಿಯಲು ಅಕ್ಕಸಾಲಿಗರು ಬಳಸುವ ಪುಟ್ಟ ಕೈವೈಸು, ಗಂಟಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್. ಇಷ್ಟೇ ಕಾರ್ಖಾನೆ.

ಹುಬ್ಬಳ್ಳಿ ದಾಟುವವರೆಗೆ ದಾರಿಯಲ್ಲಿ ಹೇಳುವಂಥದ್ದಿಲ್ಲ. ಯಲ್ಲಾಪುರದ ಆಚೆ ಕಾಡು ಎರಡೂ ಕಡೆಯಿಂದ ಒತ್ತಿ ಬರುತ್ತದೆ. ಅರಬೈಲ್ ಘಟ್ಟದ ತಿರುವುಗಳಲ್ಲಿ ಬಸ್ಸಿನ ಕಿಟಕಿಯಿಂದ ಒದ್ದೆ ಎಲೆಯ ವಾಸನೆ. ಅದಿರಿನ ಕಾಲದಲ್ಲಿ ಈ ಘಟ್ಟದಲ್ಲಿ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. 2010ರಲ್ಲಿ ಬೇಲೆಕೇರಿಯಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿಟ್ಟ ಅದಿರಿನಲ್ಲಿ ಲಕ್ಷಗಟ್ಟಲೆ ಟನ್ ಬಂದರಿನಿಂದಲೇ ಮಾಯವಾಯಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಗಳು ಮಿತಿಯೊಳಗೆ ಮತ್ತೆ ತೆರೆದವು. ಬೇಲೆಕೇರಿಯಲ್ಲಿ ನಿಂತು ಕಡಲು ನೋಡುವಾಗ ನಮ್ಮೂರಿನವನಿಗೆ ಒಂದು ವಿಚಿತ್ರ ಲೆಕ್ಕ ತಲೆಗೆ ಬರುತ್ತದೆ: ನಮ್ಮ ಗುಡ್ಡದ ಎಷ್ಟು ಭಾಗ ಈ ನೀರು ದಾಟಿ ಹೋಗಿರಬಹುದು, ಯಾವ ಊರಿನ ಸೇತುವೆಯಾಗಿರಬಹುದು. ಲೆಕ್ಕ ಹಳೆಯದೆನ್ನುವ ಹಾಗೂ ಇಲ್ಲ. ಪಕ್ಕದ ಕೇಣಿಯಲ್ಲಿ ಹೊಸ ಬಂದರು ಕಟ್ಟುವ ಗುತ್ತಿಗೆ 2023ರಲ್ಲಿ ಸಿಕ್ಕಿದ್ದು ನಮ್ಮದೇ ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆಎಸ್‌ಡಬ್ಲ್ಯೂ ಸಮೂಹಕ್ಕೆ. ಕೇಣಿಯ ಮೀನುಗಾರರು ಅದನ್ನು ವಿರೋಧಿಸಿ ಬೀದಿಗಿಳಿದಿದ್ದಾರೆ. ಎಲ್ಲಿಂದ ಬಂದಿರಿ ಎಂದು ದಡದಲ್ಲಿ ಕೇಳಿದವರಿಗೆ ಸಂಡೂರು ಎನ್ನುವಾಗ ನನ್ನ ದನಿ ತಾನಾಗಿಯೇ ಸಣ್ಣದಾಯಿತು.

ಅಂಕೋಲೆಯ ಸುತ್ತ ಮರಳದಂಡೆಗೆ ಬರವಿಲ್ಲ. ನದಿಭಾಗ, ಕೇಣಿ, ಬೆಲಂಬಾರ, ತೆಂಕಣದಲ್ಲಿ ಗಂಗಾವಳಿಯ ಅಳಿವೆ. ಮಳೆಗಾಲದಲ್ಲಿ ಹೊಳೆಗಳು ತಂದ ಕೆಂಪುನೀರು ತಿಳಿಯಾಗುವುದು ದಸರೆಯ ಆಚೀಚೆ. ಆಗ ತಾರ್ಲೆ, ಬಂಗುಡೆಯ ಮರಿಗಳು ದಡದ ಹತ್ತಿರಕ್ಕೆ ಬರುತ್ತವೆ, ಅವುಗಳ ಹಿಂದೆ ತಿನ್ನುವವರು. ಹೊರಗಿನವನಿಗೆ ಎಲ್ಲ ಅಲೆಯೂ ಒಂದೇ. ನೋಡುತ್ತ ನಿಂತರೆ ಅಲೆ ಎರಡು ಕಡೆ ಒಡೆಯುವುದು ಕಾಣುತ್ತದೆ: ದೂರದಲ್ಲಿ ನೀರಡಿಯ ಮರಳದಿಣ್ಣೆಯ ಮೇಲೊಮ್ಮೆ, ದಡದಲ್ಲಿ ಇನ್ನೊಮ್ಮೆ. ನಡುವೆ ನೊರೆ ಕಡಿಮೆ ಇರುವ, ಬಣ್ಣ ಗಾಢವಾದ ಪಟ್ಟಿಯೇ ಕಾಲುವೆ. ಮೀನು ಓಡಾಡುವುದು ಅಲ್ಲಿ. ದಿಣ್ಣೆ ಕಡಿದುಹೋದ ಕಡೆ ನೀರು ರಭಸವಾಗಿ ಕಡಲಿಗೆ ಮರಳುತ್ತದೆ. ಸೆಳವಿಗೆ ಸಿಕ್ಕಿ ತತ್ತರಿಸುವ ಮರಿಗಳಿಗಾಗಿ ದೊಡ್ಡವು ಅಂಚಿನಲ್ಲಿ ಕಾಯುತ್ತವೆ. ಫ್ಲೈ ಬೀಳಬೇಕಾದದ್ದು ಆ ಅಂಚಿಗೆ. ಮನುಷ್ಯ ಇಳಿಯಬಾರದ ಜಾಗವೂ ಅದೇ.

ಹೊಲದಲ್ಲಿ ಕಲಿತ ಬೀಸು ಇಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಕಾಲಬಳಿ ಸಡಿಲ ಬಿಟ್ಟ ದಾರವನ್ನು ಅಲೆ ಎಳೆದುಕೊಂಡು ಹೋಗಿ ಮೊಣಕಾಲಿಗೆ ಸುತ್ತುತ್ತದೆ. ಅದಕ್ಕೆಂದೇ ದಾರ ಬೀಳಿಸಿಕೊಳ್ಳುವ ಬುಟ್ಟಿ ಸೊಂಟಕ್ಕೆ ಕಟ್ಟಿಕೊಳ್ಳುವ ರೂಢಿ. ಅಂಕೋಲೆ ಪೇಟೆಯಲ್ಲಿ ಕೊಂಡ ಪ್ಲಾಸ್ಟಿಕ್ ಟಬ್ಬಿಗೆ ಎರಡು ತೂತು ಕೊರೆದು ಹಳೇ ಬೆಲ್ಟ್ ಪೋಣಿಸಿದೆ. ಮೀನು ಮಾರಲು ಬಂದವನೆಂದು ತಿಳಿದು ಒಬ್ಬ ಹೆಂಗಸು ದರ ಕೇಳಿದಳು.

ದಡದಿಂದ ಎಳೆಯುವ ಕೈರಂಪಣಿ ಮುಗಿಸಿ ಬಲೆ ಒಣಹಾಕುತ್ತಿದ್ದ, ಹರಿಕಂತ್ರ ಮೀನುಗಾರರ ಹಿರಿಯರೊಬ್ಬರು ನನ್ನ ಹಿಂದೆ ಬಂದು ಕೂತರು. ಹಳೆಯ ದೊಡ್ಡ ರಂಪಣಿಯ ಕಾಲ ಕಂಡವರು. ಊರಿನ ಹತ್ತಾರು ಜನ ಹಗ್ಗಕ್ಕೆ ಕೈಹಚ್ಚುತ್ತಿದ್ದ ಆ ಬಲೆ, 1970ರ ದಶಕದ ಕೊನೆಗೆ ಮೀನಿನ ಹಿಂಡನ್ನು ಕಡಲಲ್ಲೇ ಸುತ್ತಿ ಹಿಡಿಯುವ ಪರ್ಸೀನ್ ದೋಣಿಗಳು ಹೆಚ್ಚಾದ ಮೇಲೆ ದಂಡೆಯಿಂದ ಹೆಚ್ಚುಕಡಿಮೆ ಇಲ್ಲವಾಯಿತು. ಅವರು ಮೊದಲು ಹೇಳಿದ್ದು ಮೀನಿನ ಮಾತಲ್ಲ. "ಕಾಲ ಎತ್ತಿ ಇಡಬೇಡಿ. ಮರಳಲ್ಲೇ ಜಾರಿಸ್ತಾ ಹೋಗಿ. ತೊರಕೆ ಮಲಗಿರ್ತದೆ." ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಕಾಲು ತಾಗಿದರೆ ಸರಿದುಹೋಗುತ್ತದೆ, ಮೆಟ್ಟಿದರೆ ಹೊಡೆಯುತ್ತದೆ. ಅಲ್ಲಿಂದ ಮುಂದೆ ನಾನು ದಡದುದ್ದಕ್ಕೂ ಕಾಲೆಳೆದುಕೊಂಡೇ ನಡೆದೆ.

ಡಬ್ಬಿ ತೆರೆದು ತೋರಿಸಿದೆ. ಅವರಿಗೆ ಅಚ್ಚರಿಯೇನೂ ಆಗಲಿಲ್ಲ. ಬಂಗುಡೆಗೆ ತಾವೂ ಒಂದೇ ದಾರಕ್ಕೆ ಸಾಲು ಮುಳ್ಳು ಕಟ್ಟಿ, ಒಂದೊಂದಕ್ಕೂ ಬಿಳಿ ಕೋಳಿಗರಿ ಸಿಕ್ಕಿಸಿ ದೋಣಿಯಿಂದ ಆಡಿಸುವುದುಂಟು ಎಂದರು. ಹೋತನ ಗಡ್ಡವನ್ನು ಮಾತ್ರ ಎಳೆದೆಳೆದು ನೋಡಿದರು. "ನಿಮ್ಮೂರಲ್ಲಿ ಸಮುದ್ರ ಇಲ್ಲ ಅಲ್ಲ, ಯಾರ ಕಲಿಸಿದ್ರು?" ಕುರುಬ ಅಣ್ಣ, ತಾಂಡಾದ ಯಾಡಿ, ವಾಶ್‌ಬೇಸಿನ್ ಸರಪಳಿ ಎಲ್ಲ ಹೇಳಿದೆ. ಸರಪಳಿಯ ಕಣ್ಣಿಗೆ ನಕ್ಕರು.

ಉಬ್ಬರ ಏರುವ ಹೊತ್ತಿಗೆ ಎಳೆತಗಳು ಶುರುವಾದವು. ಫ್ಲೈ ಬಿದ್ದು, ದಾರ ಬಿಗಿಯಾಗಿ, ಕೈಯಿಂದ ಮೊಳ ಮೊಳ ಎಳೆಯುವಾಗ ಕುಟುಕಿದ ಹಾಗೆ ಒಂದು ಸಣ್ಣ ತಟ್ಟು, ಆಮೇಲೆ ಏನೂ ಇಲ್ಲ. ಮತ್ತೆ ಅದೇ. ಹಿರಿಯರು ಎದ್ದು ಬಂದು ಫ್ಲೈ ಹಿಡಿದು ನೋಡಿದರು. "ಬಾಲ ಹೆಚ್ಚಾಯ್ತು ತಮಾ. ಮೀನು ಬಾಲ ಕಚ್ಕಂಡ ಹೋಗ್ತದೆ, ಮುಳ್ಳ ಬಾಯಿಗೆ ಬರೂದಿಲ್ಲ." ಹಲ್ಲಿನ ಗುರುತು ನಿಜಕ್ಕೂ ಗರಿಯ ತುದಿಯಲ್ಲೇ ಇತ್ತು. ನಾನು ಪುಸ್ತಕದ ಅಳತೆ ಹೇಳಿದೆ: ಬಾಲ ಮುಳ್ಳಿನ ಎರಡೂವರೆ ಪಟ್ಟು. ಅವರು ಬಲೆ ಹೊಲಿಯುವ ಚಾಕು ತೆಗೆದು, ಪುಸ್ತಕವನ್ನು ಪೂರ್ತಿ ಕೇಳಿಸಿಕೊಂಡು, ಅರ್ಧ ಬಾಲ ಹಾರಿಸಿದರು. ವರ್ಷ ದಾಟಿದ ಹುಂಜದ ಗರಿ ನೊರೆಯ ಮೇಲೆ ತೇಲಿ ಹೋಯಿತು. ಗಂಟನ್ನೂ ಬಿಚ್ಚಿ ಬೇರೆ ಹಾಕಿದರು. ಮುಳ್ಳಿನ ಕಣ್ಣಿಗೆ ಬಿಗಿಯಾಗಿ ಕೂರುವ ಗಂಟಲ್ಲ, ಸಡಿಲ ಕುಣಿಕೆ. ಫ್ಲೈ ಅದರೊಳಗೆ ಆಚೀಚೆ ಒಲೆಯುತ್ತಿತ್ತು.

ಕತ್ತರಿಸಿದ ಬಾಲಕ್ಕೆ ಕೊಕ್ಕರ ಬಿತ್ತು. ಅಂಗೈಯಗಲದ್ದು. ಆದರೂ ಬೆಳ್ಳಿ ಮೈಯನ್ನು ಅಡ್ಡ ತಿರುಗಿಸಿ, ಇಡೀ ಅಲೆಯನ್ನೇ ತನ್ನ ಕಡೆಗೆ ಮಾಡಿಕೊಂಡು ಎಳೆಯಿತು. ಟಬ್ಬಿನಲ್ಲಿದ್ದ ದಾರ ಸರಸರ ಖಾಲಿಯಾಯಿತು. ದಡಕ್ಕೆ ತಂದಾಗ ಬೂದು ಕೂದಲು ಅದರ ತುಟಿಯ ಮೂಲೆಯಲ್ಲಿತ್ತು, ಯಾಡಿಯ ಕೆಂಪು ದಾರ ಗಟ್ಟಿಯಾಗಿಯೇ ಇತ್ತು. ಮೊನೆಯ ಹಿಂಗೊಕ್ಕೆಯನ್ನು ಇಕ್ಕಳದಲ್ಲಿ ಮೊದಲೇ ಅಮುಕಿದ್ದರಿಂದ ಬಿಡಿಸುವುದು ಕಷ್ಟವಾಗಲಿಲ್ಲ. ನೀರಿಗೆ ಬಿಟ್ಟೆ. ಹಿರಿಯರು ನನ್ನ ಮುಖ ನೋಡಿದ ರೀತಿಯಲ್ಲಿ ಮೆಚ್ಚುಗೆ ಇರಲಿಲ್ಲ; ಅಷ್ಟು ದೂರದಿಂದ ಬಂದು, ಹಿಡಿದು, ಬಿಡುವವನ ಬಗ್ಗೆ ದಡದ ಜನಕ್ಕೆ ಏನನ್ನಿಸಬೇಕೋ ಅದೇ. ಅದಕ್ಕೆ ನನ್ನಲ್ಲಿ ಉತ್ತರವೂ ಇರಲಿಲ್ಲ. ಮುಂದಿನದನ್ನು ಅವರ ಚೀಲಕ್ಕೆ ಹಾಕಿದೆ.

ಹೊತ್ತು ಮುಳುಗುವಾಗ ಡಬ್ಬಿಯಿಂದ ಕಪ್ಪು ಗರಿಯ ಎರಡನ್ನು ಆರಿಸಿ ಕೇಳಿದರು: "ಇದಕ್ಕೆ ಎಷ್ಟು?"

ಮುಳ್ಳಿಗೆ ಹದಿನೈದು ರೂಪಾಯಿ, ಉಳಿದದ್ದೆಲ್ಲ ಪುಕ್ಕಟೆ, ಕಟ್ಟಲು ಒಂದು ಗಂಟೆ ಎಂದೆ.

"ಒಂದ್ ಗಂಟೇಲಿ ನಾ ಬಲೆ ಬೀಸಿ ಎರಡ ಕಿಲೋ ಕಾಣೆ ಹಿಡಿತೆ," ಎಂದರು. ಆದರೂ ಎರಡನ್ನೂ ಟೊಪ್ಪಿಗೆಗೆ ಸಿಕ್ಕಿಸಿಕೊಂಡರು. ರಾತ್ರಿ ಅಳಿವೆಯಲ್ಲಿ ಕುರ್ಡಿಗೆ ಕಪ್ಪೇ ಆಗಬೇಕಂತೆ. ಕತ್ತಲಲ್ಲಿ ಕೆಳಗಿನಿಂದ ನೋಡುವ ಮೀನಿಗೆ ಬಣ್ಣ ಕಾಣುವುದಿಲ್ಲ, ನೆರಳು ಕಾಣುತ್ತದೆ. ಕೊಂಕಣಿಯವರು ಚೊಣಕ್ ಎನ್ನುವ ಈ ಮೀನಿಗಾಗಿ ನಾಳೆ ಸಂಜೆ ಗಂಗಾವಳಿಯ ಬಾಯಿಗೆ ಬರುವುದಾದರೆ ಬನ್ನಿ, ಬರುವಾಗ ಬಾಲ ಕತ್ತರಿಸಿಕೊಂಡು ಬನ್ನಿ ಎಂದು ಹೇಳಿ ಹೋದರು.

ಲಾಡ್ಜಿನ ಕೋಣೆಯಲ್ಲಿ ಉಪ್ಪು ಹೋಗಲೆಂದು ಫ್ಲೈಗಳನ್ನೆಲ್ಲ ಬಕೆಟ್ಟಿನ ಸಿಹಿನೀರಿನಲ್ಲಿ ಅದ್ದಿ, ಮೀಸೆಯ ಕತ್ತರಿ ಹಿಡಿದು ಒಂದೊಂದರ ಬಾಲವನ್ನೂ ಗಿಡ್ಡ ಮಾಡುತ್ತ ತಡರಾತ್ರಿಯವರೆಗೆ ಕೂತೆ. ಬೆಳಿಗ್ಗೆ ಗುಡಿಸಲು ಬಂದ ಹುಡುಗ ನೆಲದ ಮೇಲಿನ ಗರಿಯನ್ನೂ ಬಚ್ಚಲಿನ ಕೆಂಪು ದಾರವನ್ನೂ ನೋಡಿ, ಕೋಣೆಯೊಳಗೆ ಕೋಳಿ ಕುಯ್ದರೆ ಇನ್ನೂರು ರೂಪಾಯಿ ದಂಡ ಇದೆ ಸಾರ್ ಎಂದ.